ಬೊಂಬೆ ಸಿಪಾಯಿಗಳು ನಮ್ಮ ಮನೆಯಲ್ಲಿರಬಹುದೇ?

ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಮುಂತಾದುವನ್ನು ಕೂಡಿಡುವವರು ನಮ್ಮ ಸಮಾಜದಲ್ಲಿ ಹಲವರಿದ್ದಾರೆ. ಬಣ್ಣ ಬಳಿದ ಪುಟ್ಟ ಸೈನಿಕರ ಬೊಂಬೆಗಳನ್ನು ಕೂಡಿಡುವ ಹವ್ಯಾಸವೂ ಒಂದಿದೆ ಎಂದರೆ ಮಾತ್ರ ಹುಬ್ಬೇರಿಸುತ್ತಾರೆ. ಅಹಿಂಸೆಯೇ ಪರಮ ಧರ್ಮ ಎನ್ನುವ ಮನೆಯಲ್ಲಿ ಕತ್ತಿ, ಕೋವಿ ಹಿಡಿದವರಿಗೇನು ಕೆಲಸ ಎಂಬ ಪ್ರಶ್ನೆ ಸಹಜವಾದುದೇ. ಅದಕ್ಕೆ ಬರುವ ಮೊದಲು ಈ ಹವ್ಯಾಸ ಏನು, ಎತ್ತ ಎಂಬುದನ್ನು ಓದುಗರ ಮುಂದೆ ಇಡುತ್ತೇನೆ. ಹಲವು ವರ್ಷಗಳಿಂದ ಇದರಲ್ಲಿ ಕೈಯಾಡಿಸುತ್ತಿರುವವನು ನಾನು.

ನಮ್ಮ ಕೊಯಮತ್ತೂರು ಕಡೆ ನವರಾತ್ರಿ ಎಂದರೆ ಕೊಲು. ಪೋತ್ತನೂರಿನಿಂದ ಬಸ್ ಹತ್ತಿ ಉಕ್ಕಡಂ ದಾಟಿ ಟೌನ್‌ಹಾಲ್ ಬಳಿ ಇಳಿದರೆ ಪೂಂಪುಹಾರ್ ಮಳಿಗೆ ಸಿಗುತ್ತದೆ. ತಮಿಳುನಾಡು ಸರ್ಕಾರದ ಕರಕುಶಲ ನಿಗಮದ ಅಂಗಡಿ ಅದು. ಹಬ್ಬಕ್ಕೆ ಕೆಲವು ವಾರಗಳ ಮೊದಲೇ ಅಲ್ಲಿ ಕೊಲು ಬೊಂಬೆಗಳ ಪ್ರದರ್ಶನ ಮತ್ತು ಮಾರಾಟ ಶುರುವಾಗುತ್ತದೆ. ಕಾಂಚೀಪುರ, ಪಣ್ರುಟ್ಟಿ, ಮದುರೆಯ ಹತ್ತಿರದ ವಿಳಾಚೇರಿ ಮುಂತಾದ ಊರುಗಳಲ್ಲಿ ಮಣ್ಣಿನಲ್ಲಿ, ಕಾಗದದ ತಿರುಳಿನಲ್ಲಿ ತಯಾರಾದ ಬೊಂಬೆಗಳು ಹುಲ್ಲು ಹೊದ್ದು ಪೆಟ್ಟಿಗೆಗಳಲ್ಲಿ ಬಂದಿಳಿಯುತ್ತವೆ. ಬಿಡಿ ಬೊಂಬೆಗಿಂತ 'ಸೆಟ್'ಗೆ ಗಿರಾಕಿ ಹೆಚ್ಚು. ಮದುವೆ ಸೆಟ್, ಸಂತೆ ಸೆಟ್, ಕ್ರಿಕೆಟ್ ಸೆಟ್, ಬ್ಯಾಂಡ್ ಸೆಟ್, ಇವುಗಳ ನಡುವೆ ಎಲ್ಲೋ ಒಂದೆರಡು ಕವಾಯತು ಸೆಟ್. ಪ್ರತಿ ವರ್ಷವೂ ಹೊಸದು ಏನು ಬಂದಿದೆ ಎಂದು ನೋಡುವುದೇ ನಮ್ಮಂಥವರಿಗೆ ಹಬ್ಬ. ಕೊಲುವಿನ ಕೆಳಮೆಟ್ಟಿಲಿನಲ್ಲಿ ಅಕ್ಕಿಬೇಳೆಯ ಗುಡ್ಡೆ ಮುಂದಿಟ್ಟುಕೊಂಡು ಕೂರುವ ದಿನಸಿ ಶೆಟ್ಟಿ ದಂಪತಿಗಳನ್ನು ನೀವು ನೋಡಿರುತ್ತೀರಿ. ವ್ಯಾಪಾರಿಯಾದ ನನಗೆ ಮೊದಲು ಕಣ್ಣು ಹೋಗುವುದು ಅಲ್ಲಿಗೇ. ಆಮೇಲೆ ಸಿಪಾಯಿಗಳ ಕಡೆಗೆ.

ಮೈಸೂರು ಸೀಮೆಯ ಬೊಂಬೆ ಹಬ್ಬದಲ್ಲಿ ಸೈನಿಕನಿಗೆ ಇನ್ನೂ ದೊಡ್ಡ ಸ್ಥಾನವಿದೆ. ಅಲ್ಲಿನ ಮುಖ್ಯ ಸೆಟ್ಟೇ ಜಂಬೂಸವಾರಿ. ಮುಂದೆ ನಿಶಾನೆ ಆನೆ, ವಾದ್ಯದವರು, ಕುದುರೆ ಸವಾರರು, ಕಾಲಾಳುಗಳು, ನಡುವೆ ಅಂಬಾರಿ. ಅರಮನೆಯಲ್ಲಿ ಗೊಂಬೆ ತೊಟ್ಟಿ ಎಂಬ ಅಂಗಳವೇ ಇದೆ. ಮೃಗಾಲಯದ ಎದುರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು 2005ರಲ್ಲಿ 'ಬೊಂಬೆ ಮನೆ' ಎಂಬ ಪ್ರದರ್ಶನವನ್ನು ಆರಂಭಿಸಿದರು. ಬೇರೆ ಬೇರೆ ರಾಜ್ಯಗಳ ಬೊಂಬೆಗಳನ್ನು ಒಂದೇ ಸೂರಿನಡಿ ತಂದ ಕೆಲಸ ಅದು.

ಈ ಹವ್ಯಾಸದ ರುಚಿ ಇರುವುದು ಉಡುಪಿನಲ್ಲಿ. ಕೊಲು ಸೆಟ್ಟಿನ ಸಿಪಾಯಿಗೆ ಸಾಮಾನ್ಯವಾಗಿ ಒಂದು ಕೆಂಪು ಅಂಗಿ, ಒಂದು ಮೀಸೆ, ಅಷ್ಟೇ. ಅವನು ಯಾವ ದಳದವನು, ಯಾವ ಕಾಲದವನು ಎಂದು ಹೇಳುವಂತಿಲ್ಲ. ಸಂಗ್ರಹಕಾರನಿಗೆ ಅದು ಸಾಲದು. ಪೇಟದ ಸುತ್ತು, ನಡುಪಟ್ಟಿಯ ಬಣ್ಣ, ಈಟಿಯ ತುದಿಯ ಬಾವುಟ, ಎಲ್ಲವೂ ಸರಿಯಿರಬೇಕು. ಮೈಸೂರಿನ ದಳಗಳ ಉಡುಪು ತಿಳಿಯಬೇಕಾದರೆ ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿರುವ ದಸರಾ ಮೆರವಣಿಗೆಯ ವರ್ಣಚಿತ್ರಗಳ ಮುಂದೆ ಅರ್ಧ ದಿನ ನಿಲ್ಲಬೇಕು. ಅವಸರದ ಪ್ರವಾಸಿಗರು ಎರಡು ನಿಮಿಷದಲ್ಲಿ ದಾಟಿಹೋಗುವ ಜಾಗ ಅದು.

ಅಂಥ ಒಂದು ದಳ ಮೈಸೂರು ಲ್ಯಾನ್ಸರ್ಸ್. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರದ ಸವಾರರ ಜೊತೆ ಸೇರಿ ಹೈಫಾ ಪಟ್ಟಣವನ್ನು ಹಿಡಿದವರು ಇವರು. ಎದುರಿಗೆ ಮೆಷಿನ್ ಗನ್ನು, ಫಿರಂಗಿ. ಇವರ ಕೈಯಲ್ಲಿ ಈಟಿ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ 1922ರಲ್ಲಿ ನಿಲ್ಲಿಸಿದ ಮೂವರು ಸೈನಿಕರ ಪ್ರತಿಮೆಗಳು ಜೋಧಪುರ, ಹೈದರಾಬಾದ್, ಮೈಸೂರು ದಳಗಳ ನೆನಪಿಗೆ. 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರನ್ನೂ ಸೇರಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕವಿದೆ. ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ನೆಪೋಲಿಯನ್ನನ ಸಿಪಾಯಿಗಳು ಬೇಕಾದಷ್ಟು ಸಿಗುತ್ತಾರೆ. ಮೈಸೂರಿನ ಸವಾರ ಬೇಕೆಂದರೆ ಬೇರೆ ಯಾವುದೋ ದಳದ ಬೊಂಬೆಯನ್ನು ತಂದು ನಾವೇ ಬಣ್ಣ ಬದಲಿಸಬೇಕು.

ವಿದೇಶದಲ್ಲಿ ಇದು ದೊಡ್ಡ ವ್ಯಾಪಾರ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಮೊದಲು ತವರದಲ್ಲಿ ಹಪ್ಪಳದಂತೆ ಚಪ್ಪಟೆಯಾದ ಸೈನಿಕರನ್ನು ಮಾಡುತ್ತಿದ್ದರು. ಆಮೇಲೆ ಬಂದದ್ದು ಗಟ್ಟಿ ಸೀಸದ ಬೊಂಬೆ. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಎಂಬ ಮನೆತನದ ಕಂಪೆನಿ ಪೊಳ್ಳು ಎರಕದ ಉಪಾಯ ಕಂಡುಹಿಡಿಯಿತು. ಕರಗಿದ ಲೋಹವನ್ನು ಅಚ್ಚಿಗೆ ಸುರಿದು, ಅಂಚಿಗೆ ಹಿಡಿದುಕೊಂಡಷ್ಟನ್ನು ಬಿಟ್ಟು ಉಳಿದದ್ದನ್ನು ಹೊರಗೆ ಚೆಲ್ಲಿಬಿಡುವುದು. ಲೋಹ ಉಳಿಯಿತು, ತೂಕ ಇಳಿಯಿತು, ಬೆಲೆಯೂ ಇಳಿಯಿತು. ಜರ್ಮನಿಯವರ ಪೇಟೆ ಇದರಿಂದ ಕುಸಿಯಿತು. ಯಾವ ವ್ಯಾಪಾರಿಯೂ ತಲೆದೂಗುವ ಲೆಕ್ಕ ಇದು. ಆ ಕಂಪೆನಿ ಬಂಗಾಳ ಲ್ಯಾನ್ಸರ್ಸ್, ಮದ್ರಾಸ್ ಪದಾತಿ ಮುಂತಾದ ನಮ್ಮ ದೇಶದ ಸಿಪಾಯಿಗಳನ್ನೂ ಮಾಡಿತ್ತು. 1966ರಲ್ಲಿ ಸೀಸದ ಬೊಂಬೆಗಳ ತಯಾರಿಕೆ ಅಲ್ಲಿ ನಿಂತಿತು. ಆ ಹೊತ್ತಿಗಾಗಲೇ ಪ್ಲಾಸ್ಟಿಕ್ ಬಂದಿತ್ತು.

ಈಗ ಹೊಸದಾಗಿ ಬರುವ ಬೊಂಬೆಗಳು ಹೆಚ್ಚಾಗಿ ಬಿಳಿ ಲೋಹ, ರಾಳ ಅಥವಾ ಪ್ಲಾಸ್ಟಿಕ್ಕಿನವು. ಅಳತೆಯನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ನಿಂತ ಆಳು 54 ಮಿ.ಮೀ., ಅಂದರೆ ಎರಡಂಗುಲಕ್ಕೆ ಸ್ವಲ್ಪ ಮೇಲೆ, ಇದು ಹಳೆಯ ರೂಢಿ. ಮೇಜಿನ ಮೇಲೆ ಯುದ್ಧದ ಆಟ ಆಡುವವರಿಗೆ 28 ಮಿ.ಮೀ. ಸಾಕು. ಬಣ್ಣ ಹಚ್ಚಿ ಬರುವವು ಒಂದು ಬಗೆ, ನಾವೇ ಹಚ್ಚಿಕೊಳ್ಳಲಿ ಎಂದು ಬರಿಮೈಯಲ್ಲಿ ಬರುವವು ಇನ್ನೊಂದು. ಎರಡನೆಯದೇ ಲೇಸು ಎಂಬುದು ನನ್ನ ಅಭಿಪ್ರಾಯ. ಹಣವೂ ಕಡಿಮೆ, ಕೈಗೂ ಕೆಲಸ. ಕಣ್ಣಿಗೆ ಪೊರೆ ಬಂದ ಮೇಲೆ ಕಷ್ಟ, ಅದು ಬೇರೆ ಮಾತು.

ತರಿಸುವವರು ಸುಂಕದ ಲೆಕ್ಕ ಮೊದಲು ಹಾಕಬೇಕು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಬೊಂಬೆಯ ಬೆಲೆ ನೋಡಿ ಹಿಗ್ಗಿ, ಕೈಗೆ ಬರುವ ಹೊತ್ತಿಗೆ ಬಿದ್ದ ಒಟ್ಟು ಬೆಲೆ ನೋಡಿ ಕುಗ್ಗಿದವರನ್ನು ಕಂಡಿದ್ದೇನೆ.

ಹಳೆಯ ಸೀಸದ ಬೊಂಬೆ ಮನೆಯಲ್ಲಿದ್ದರೆ ಒಂದು ಎಚ್ಚರಿಕೆ. ಅದನ್ನು ಹೊಸ ಪ್ಲೈವುಡ್ ಬೀರುವಿನಲ್ಲಿ ಮುಚ್ಚಿಡಬೇಡಿ. ಮರದಿಂದ ಹೊರಡುವ ಹುಳಿ ಆವಿಗೆ ಸೀಸ ಬೂದು ಬಿಳಿ ಪುಡಿಯಾಗಿ ಉದುರುತ್ತದೆ. ಆ ಪುಡಿ ವಿಷ. ಗಾಳಿಯಾಡುವ ಗಾಜು ಮತ್ತು ಉಕ್ಕಿನ ಕಪಾಟು ಒಳ್ಳೆಯದು. ಚಿಕ್ಕ ಮಕ್ಕಳ ಕೈಗೆ ಕೊಡಲೇಬಾರದು. ದೊಡ್ಡವರೂ ಮುಟ್ಟಿದ ಮೇಲೆ ಕೈ ತೊಳೆಯಬೇಕು. ಮಣ್ಣಿನ ಬೊಂಬೆಗೆ ಈ ಕಾಟವಿಲ್ಲ. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ತಗಡಿನ ಟ್ರಂಕಿನಲ್ಲಿಟ್ಟರೆ ಮುಂದಿನ ನವರಾತ್ರಿಗೆ ಹಾಗೆಯೇ ಎದ್ದು ಬರುತ್ತದೆ.

ಇನ್ನು ಮೊದಲಿನ ಪ್ರಶ್ನೆ. ನನ್ನ ಅಕ್ಕ ಒಮ್ಮೆ ಕಪಾಟಿನ ಮುಂದೆ ನಿಂತು, "ಏನೋ ತಮ್ಮ, ಯಶೋಧರನ ಕಥೆ ಮರೆತೆಯೇನೋ?" ಎಂದು ಕೇಳಿದಳು. ಜನ್ನ ಕವಿ 1209ರಲ್ಲಿ ಬರೆದ 'ಯಶೋಧರ ಚರಿತೆ' ನಮ್ಮವರಿಗೆಲ್ಲ ಗೊತ್ತು. ತಾಯಿಯ ಒತ್ತಾಯಕ್ಕೆ ರಾಜ ಹಿಟ್ಟಿನ ಹುಂಜವನ್ನು ಬಲಿ ಕೊಟ್ಟ. ಜೀವವಿಲ್ಲದ ಹಿಟ್ಟು ಎಂದು ಪಾಪ ಬಿಡಲಿಲ್ಲ; ತಾಯಿ, ಮಗ ಇಬ್ಬರೂ ನಾಯಿ, ನವಿಲು ಎಂದು ಜನ್ಮ ಜನ್ಮ ಅಲೆದರು. ಬೊಂಬೆ ಎಂದ ಮಾತ್ರಕ್ಕೆ ಭಾವದ ಹಿಂಸೆ ಹಿಂಸೆಯಲ್ಲದೆ ಹೋಗುವುದಿಲ್ಲ. ಅಕ್ಕನ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ಇಂಗ್ಲೆಂಡಿನ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕದಲ್ಲಿ ಬೊಂಬೆ ಸಿಪಾಯಿಗಳ ಯುದ್ಧದಾಟಕ್ಕೆ ನಿಯಮ ಬರೆದ. ನಿಜವಾದ ಯುದ್ಧಕ್ಕಿಂತ ಈ ಆಟ ಎಷ್ಟೋ ವಾಸಿ ಎಂಬುದು ಅವನ ವಾದ. ಮರುವರ್ಷವೇ ಮಹಾಯುದ್ಧ ಹೊತ್ತಿಕೊಂಡಿತು. ಆದ್ದರಿಂದ ಅವನ ವಾದವನ್ನು ಅಕ್ಕನ ಮುಂದೆ ನಾನು ಎತ್ತಲಿಲ್ಲ. ಎದುರುಬದುರು ಸಾಲು ನಿಲ್ಲಿಸಿ ಹೊಡೆದಾಡಿಸುವ ಆಟ ನಮ್ಮ ಮನೆಯಲ್ಲಿ ಬೇಡ ಎಂದು ಇಬ್ಬರೂ ಒಪ್ಪಿದೆವು. ಗುಂಡು ಹಾರಿಸುವ, ಇರಿಯುವ, ಬಿದ್ದು ಸಾಯುವ ಭಂಗಿಯವನ್ನು ಕೊಳ್ಳುವುದಿಲ್ಲ. ಮೆರವಣಿಗೆಯವರು, ಕಾವಲಿನವರು, ವಾದ್ಯದವರು ಇರಬಹುದು. ಇದರಿಂದ ಹೊಸ ಬೊಂಬೆಗಳಲ್ಲಿ ಮುಕ್ಕಾಲು ಪಾಲು ನನ್ನ ಲೆಕ್ಕದಿಂದ ಹೊರಗೆ ಹೋಯಿತು. ಖರ್ಚೂ ಇಳಿಯಿತೆನ್ನಿ.

ಹಾಗೆ ನೋಡಿದರೆ ನಮ್ಮ ಪುರಾಣದಲ್ಲೇ ಒಂದು ಸೆಟ್ ಸಿದ್ಧವಾಗಿದೆ. ಭರತ, ಬಾಹುಬಲಿಯರ ಎರಡು ಸೇನೆಗಳು ಎದುರಾದವು. ಆದರೆ ಒಬ್ಬ ಸಿಪಾಯಿಯೂ ಕತ್ತಿ ಎತ್ತಲಿಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿದವರು ಅಣ್ಣತಮ್ಮಂದಿರಿಬ್ಬರೇ. ಸೇನೆಗಳು ನಿಂತು ನೋಡಿದವು. ಆನೆ, ಕುದುರೆ, ಕಾಲಾಳು ಎಲ್ಲ ಇದ್ದೂ ರಕ್ತವಿಲ್ಲದ ಇಂಥ ಸೆಟ್ ಯಾವ ಪ್ರದರ್ಶನದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. (ಬಾಹುಬಲಿಯ ರಾಜಧಾನಿ ಪೌದನಪುರಕ್ಕೂ ನಮ್ಮ ಪೋತ್ತನೂರಿಗೂ ಏನಾದರೂ ನಂಟಿದೆಯೇ ಎಂದು ಮಕ್ಕಳು ಕೇಳುತ್ತಾರೆ. ಹೆಸರು ಕಿವಿಗೆ ಹತ್ತಿರ, ಅಷ್ಟೇ. ತೆಲಂಗಾಣದ ಬೋಧನ್ ಎಂಬ ಊರೇ ಅದು ಎಂದು ವಿದ್ವಾಂಸರು ಹೇಳುತ್ತಾರೆ.)

ಕಳೆದ ವರ್ಷ ಬೊಂಬೆ ಮಾಡುವ ಒಬ್ಬ ಕುಶಲಕರ್ಮಿಯನ್ನು ಕೇಳಿದೆ. ಅಚ್ಚು ಮಾಡಬಹುದು, ಆದರೆ ಕಡಿಮೆ ಎಂದರೂ ಐವತ್ತು ಸೆಟ್ ಹೋಗಬೇಕು ಎಂದ. ನ್ಯಾಯವಾದ ಮಾತು, ಅಚ್ಚಿನ ಕೂಲಿ ಅವನಿಗೆ ಗಿಟ್ಟಬೇಡವೇ? ಮೊದಲು ಅಣ್ಣತಮ್ಮಂದಿರ ಜೋಡಿಯನ್ನಷ್ಟೇ ಮಾಡಿ ತೋರಿಸಲು ಒಪ್ಪಿದ್ದಾನೆ. ಇಬ್ಬರನ್ನೂ ಒಂದೇ ಅಚ್ಚಿನಲ್ಲಿ ತೆಗೆದುಬಿಡುತ್ತೇನೆ ಎಂದಾಗ ಬೇಡವೆಂದೆ. ಭರತನ ಎತ್ತರ 500 ಬಿಲ್ಲು, ಬಾಹುಬಲಿಯದು 525. ತಲೆಯೆತ್ತಿ ನೋಡಬೇಕಾಗಿ ಬಂದದ್ದರಿಂದಲೇ ಭರತ ದೃಷ್ಟಿಯುದ್ಧದಲ್ಲಿ ಸೋತದ್ದು. ಅಣ್ಣನಿಗೆ 10 ಅಂಗುಲವಾದರೆ ತಮ್ಮನಿಗೆ ಹತ್ತೂವರೆ ಎಂದು ಚೀಟಿಯಲ್ಲಿ ಬರೆದುಕೊಟ್ಟು ಮುಂಗಡ ಕೊಟ್ಟು ಬಂದಿದ್ದೇನೆ.