ದ್ವೀಪದ ನಾಗಿ: ಮುಳುಗಡೆಯ ನಾಡಿನಲ್ಲಿ ರೂಪುಗೊಂಡ ನಾಯಕಿ

ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿಯನ್ನು ಜೋಡಿಸುವ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಗೊಂಡಿತು. ಲಿಂಗನಮಕ್ಕಿ ಜಲಾಶಯದ ಹಿನ್ನೀರು ಆವರಿಸಿದ ಮೇಲೆ ದಶಕಗಳ ಕಾಲ ಲಾಂಚನ್ನೇ ನಂಬಿ ಬದುಕಿದ್ದ ತುಮರಿ ಸೀಮೆಯ ಜನರ ಪಾಲಿಗೆ ಅದು ದ್ವೀಪವಾಸದ ಬಿಡುಗಡೆಯ ದಿನ. ಅದೇ ವರ್ಷದ ಜನವರಿ 5ರಂದು, ಈ ನೀರಿನ ಕಥೆಯನ್ನು ಕನ್ನಡಕ್ಕೆ ಹೇಳಿದ ಸಾಗರದ ಸಾಹಿತಿ ನಾ. ಡಿಸೋಜ ಅವರು ನಿಧನರಾಗಿದ್ದರು. ಸೇತುವೆಯನ್ನು ನೋಡುವ ಭಾಗ್ಯ ಅವರಿಗೆ ಒದಗಲಿಲ್ಲ. ಆದರೆ ಅವರ ‘ದ್ವೀಪ’ ಕಾದಂಬರಿ ಮತ್ತು ಅದನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ಅವರು ನಿರ್ದೇಶಿಸಿದ ಚಲನಚಿತ್ರ, ನೀರಿನ ನಡುವೆ ಉಳಿದುಹೋದ ಒಂದು ಹೆಣ್ಣುಜೀವವನ್ನು ಕನ್ನಡಿಗರ ನೆನಪಿನಲ್ಲಿ ನಿಲ್ಲಿಸಿವೆ. ಚಿತ್ರದಲ್ಲಿ ಅವಳ ಹೆಸರು ನಾಗಿ.

ಸಾಹಿತ್ಯ, ಸಿನಿಮಾ, ವಿಡಿಯೊ ಗೇಮ್ ಯಾವುದೇ ಇರಲಿ, ಒಂದು ಕಾಲ್ಪನಿಕ ಸ್ತ್ರೀಪಾತ್ರ ಒಬ್ಬರ ಕೈಯಿಂದಲೇ ಪೂರ್ಣವಾಗುವುದು ಅಪರೂಪ. ಬರೆದವರು ಒಂದನ್ನು ಉದ್ದೇಶಿಸುತ್ತಾರೆ, ತೆರೆಗೆ ತಂದವರು ಇನ್ನೊಂದನ್ನು ಸೇರಿಸುತ್ತಾರೆ, ನೋಡುವವರು ಮೂರನೆಯದನ್ನು ಕಾಣುತ್ತಾರೆ. ನಾಗಿಯ ಕಥೆ ಈ ಪ್ರಕ್ರಿಯೆಗೆ ಒಳ್ಳೆಯ ನಿದರ್ಶನ. ಅವಳ ಹುಟ್ಟಿನ ಹಿಂದೆ ಶಿವಮೊಗ್ಗ ಜಿಲ್ಲೆಯ ಮೂರು ನೆರೆಯ ತಾಲ್ಲೂಕುಗಳಿವೆ. ಕಾದಂಬರಿಕಾರರದು ಸಾಗರ, ನಿರ್ದೇಶಕರದು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರು, ಕಥೆಗೆ ಕಾರಣವಾದ ನೀರು ನುಂಗಿದ್ದು ಸಾಗರ ಮತ್ತು ಹೊಸನಗರದ ಹಳ್ಳಿಗಳನ್ನು.

ನೀರು ಬಂದ ಬಗೆ

ಶರಾವತಿಗೆ ಮೊದಲ ದೊಡ್ಡ ತಡೆ ಬಿದ್ದದ್ದು 1940ರ ದಶಕದಲ್ಲಿ, ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನ ರೂಪದಲ್ಲಿ. ನಂತರ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಆ ಹಳೆಯ ಕಟ್ಟೆಯನ್ನೇ ತನ್ನ ಹೊಟ್ಟೆಯೊಳಗೆ ಹಾಕಿಕೊಂಡಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮಡೆನೂರಿನ ಕಟ್ಟೆ ಇಂದಿಗೂ ತಲೆ ಎತ್ತುತ್ತದೆ. ಸುಮಾರು 2.4 ಕಿಲೋಮೀಟರ್ ಉದ್ದದ ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಸಂಗ್ರಹ ಸಾಮರ್ಥ್ಯ 150 ಟಿ.ಎಂ.ಸಿ. ಅಡಿಗೂ ಹೆಚ್ಚು. ಈ ನೀರನ್ನು ಬಳಸುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ರಾಜ್ಯದ ನಗರಗಳಲ್ಲಿ ದೀಪ ಉರಿಯಲು ಈ ನೀರು ಎಷ್ಟು ಕಾರಣವೋ, ಸಾಗರ ಮತ್ತು ಹೊಸನಗರದ ಅನೇಕ ಮನೆಗಳಲ್ಲಿ ಒಲೆ ಆರಲು ಅದೇ ನೀರು ಅಷ್ಟೇ ಕಾರಣ. ಮುಂದೆ ವಾರಾಹಿ, ಚಕ್ರಾ ಯೋಜನೆಗಳು ಬಂದಾಗ ಹೊಸನಗರ ತಾಲ್ಲೂಕು ಮತ್ತೊಮ್ಮೆ ಮುಳುಗಡೆಯನ್ನು ಕಂಡಿತು.

1937ರಲ್ಲಿ ಸಾಗರದಲ್ಲಿ ಜನಿಸಿದ ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದವರು. ಶರಾವತಿ ಯೋಜನೆಯ ಪರಿಸರದಲ್ಲೇ ಕೆಲಸ ಮಾಡಿದ ಕಾರಣ ಅವರಿಗೆ ಮುಳುಗಡೆ ಎಂಬುದು ಪತ್ರಿಕೆಯಲ್ಲಿ ಓದಿದ ಸುದ್ದಿಯಾಗಿರಲಿಲ್ಲ. ಒಂದು ಕಡೆ ಕಡತದ ಭಾಷೆ, ಇನ್ನೊಂದು ಕಡೆ ಊರು ಬಿಡುವವರ ಮುಖ, ಎರಡೂ ಅವರಿಗೆ ಪರಿಚಿತವಾಗಿದ್ದವು. 1970ರ ದಶಕದಲ್ಲಿ ಪ್ರಕಟವಾದ ‘ದ್ವೀಪ’ ಈ ಅನುಭವದ ಫಲ. ನೀರು ಏರುತ್ತಿರುವ ಊರಿನಲ್ಲಿ ಎಲ್ಲರೂ ಹೊರಟುಹೋದ ಮೇಲೆ ಉಳಿದುಕೊಂಡ ಒಂದೇ ಕುಟುಂಬದ ಕಥೆ ಅದು. ಮುಳುಗಡೆಯ ವಿಷಯ ಡಿಸೋಜ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಮಕ್ಕಳಿಗಾಗಿ ಬರೆದ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಸಂದಿತು. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಅವರಿಗೆ ಒಲಿಯಿತು.

ಪುಟದಿಂದ ತೆರೆಗೆ

ಕಾದಂಬರಿಯ ಪ್ರಧಾನ ಆಸ್ಥೆ ನೆಲ ಕಳೆದುಕೊಳ್ಳುವವರ ಸಂಕಟ. ಕಾಸರವಳ್ಳಿ ಅವರು ಅದನ್ನು ಚಿತ್ರವಾಗಿಸುವಾಗ ಆ ಸಂಕಟವನ್ನು ಕೈಬಿಡದೆ, ಕಥೆಯ ಭಾರವನ್ನು ಮನೆಯ ಸೊಸೆಯ ಹೆಗಲಿಗೆ ವರ್ಗಾಯಿಸಿದರು. ಚಿತ್ರದಲ್ಲಿ ಸೀತಾಪರ್ವತವೆಂಬ ಗುಡ್ಡ, ಅಲ್ಲೊಂದು ಗುಡಿ, ಆ ಗುಡಿಯ ಸೇವೆಯನ್ನೇ ನಂಬಿದ ವೃದ್ಧ ದುಗ್ಗಜ್ಜ, ಅವನ ಮಗ ಗಣಪ ಮತ್ತು ಗಣಪನ ಹೆಂಡತಿ ನಾಗಿ ಇದ್ದಾರೆ. ಊರವರು ಪರಿಹಾರ ಪಡೆದು ಹೋಗುತ್ತಾರೆ. ಭಕ್ತರ ನಂಬಿಕೆಯನ್ನೇ ಆಸ್ತಿಯಾಗಿ ಉಳ್ಳ ಕುಟುಂಬಕ್ಕೆ ಬೇರೆಡೆ ಬೇರು ಬಿಡುವ ದಾರಿ ಕಾಣುವುದಿಲ್ಲ. ಅಲ್ಲಿಗೆ ಬರುವ ಕೃಷ್ಣನೆಂಬ ಯುವಕ ನಾಗಿಯ ಬದುಕಿಗೆ ಒಂದಿಷ್ಟು ಗೆಲುವನ್ನು ತರುತ್ತಾನೆ. ಗಣಪನ ಮನಸ್ಸಿನಲ್ಲಿ ಸಂಶಯವನ್ನೂ ಬಿತ್ತುತ್ತಾನೆ. ಕೃಷ್ಣ ಹೊರಟುಹೋದ ಮೇಲೆ ಉಳಿಯುವುದು ಮಳೆ, ಏರುವ ನೀರು, ಕಾಡುಪ್ರಾಣಿಯ ಭಯ, ಮತ್ತು ಅಧೀರನಾದ ಗಂಡ.

ಈ ಪಲ್ಲಟಕ್ಕೆ ಮಾಧ್ಯಮದ ಕಾರಣವೂ ಇದೆ. ಕಾದಂಬರಿ ಪಾತ್ರದ ಒಳಗನ್ನು ವಾಕ್ಯಗಳಲ್ಲಿ ಹೇಳಬಲ್ಲದು. ಸಿನಿಮಾಕ್ಕೆ ಕಾಣುವುದು ದೇಹ ಮತ್ತು ದುಡಿಮೆ ಮಾತ್ರ. ಹಾಗಾಗಿ ತೆರೆಯ ಮೇಲೆ ಯಾರು ಕೆಲಸ ಮಾಡುತ್ತಾರೋ ಅವರೇ ಕ್ರಮೇಣ ಕಥೆಯ ಒಡೆಯರಾಗುತ್ತಾರೆ. ನಾಗಿ ಭಾಷಣ ಮಾಡುವುದಿಲ್ಲ, ಅಣೆಕಟ್ಟಿನ ವಿರುದ್ಧ ಘೋಷಣೆ ಕೂಗುವುದಿಲ್ಲ. ಮನೆಯನ್ನು ಉಳಿಸಿಕೊಳ್ಳಲು ಆ ಕ್ಷಣಕ್ಕೆ ಏನು ಬೇಕೋ ಅದನ್ನು ಮಾಡುತ್ತಾ ಹೋಗುತ್ತಾಳೆ. ಛಾಯಾಗ್ರಾಹಕ ಎಚ್.ಎಂ. ರಾಮಚಂದ್ರ ಅವರ ಕ್ಯಾಮರಾ ಮಲೆನಾಡಿನ ಮಳೆಯನ್ನು ಅಲಂಕಾರವಾಗಿ ಬಳಸದೆ, ನಾಗಿಯ ಎದುರಾಳಿಯಾಗಿ ನಿಲ್ಲಿಸುತ್ತದೆ.

ಕಾಸರವಳ್ಳಿ ಅವರ ಚಿತ್ರಗಳನ್ನು ಬಲ್ಲವರಿಗೆ ಇದು ಆಕಸ್ಮಿಕವೆನಿಸದು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಅವರ ಕಥೆಯನ್ನು ಆಧರಿಸಿದ ಮೊದಲ ಚಿತ್ರ ‘ಘಟಶ್ರಾದ್ಧ’ (1977) ಯಮುನಾ ಎಂಬ ಬಾಲವಿಧವೆಯ ದುರಂತ. ನಂತರದ ‘ತಾಯಿಸಾಹೇಬ’, ‘ಹಸೀನಾ’, ‘ಗುಲಾಬಿ ಟಾಕೀಸು’ ಚಿತ್ರಗಳ ಕೇಂದ್ರದಲ್ಲೂ ಸ್ತ್ರೀಯರೇ ಇದ್ದಾರೆ. ಯಮುನಾಳನ್ನು ಸಮಾಜ ಹೊರಹಾಕುತ್ತದೆ. ನಾಗಿಯ ವಿಷಯದಲ್ಲಿ ಸಮಾಜವೇ ಊರು ಬಿಟ್ಟು ಹೋಗಿರುತ್ತದೆ. ಕಟ್ಟುಪಾಡು ಹೇರಲು ಊರೇ ಇಲ್ಲದ ಕಡೆಯಲ್ಲೂ ಹೆಣ್ಣಿಗೆ ಬಿಡುಗಡೆ ಸಿಗುವುದೇ ಎಂಬುದು ‘ದ್ವೀಪ’ ಎತ್ತುವ ಪ್ರಶ್ನೆ.

ತಾರೆಯ ಪಣ

ನಾಗಿಗೆ ಮುಖ ಕೊಟ್ಟವರು ಸೌಂದರ್ಯ. ಆ ಹೊತ್ತಿಗೆ ಅವರು ತೆಲುಗು ಚಿತ್ರರಂಗದ ಅಗ್ರ ನಾಯಕಿ. ಹಿಂದಿಯ ‘ಸೂರ್ಯವಂಶಂ’ (1999) ಚಿತ್ರದಿಂದ ಉತ್ತರ ಭಾರತಕ್ಕೂ ಪರಿಚಿತರು. ಅಂಥ ತಾರೆ ಹಾಡು, ಕುಣಿತ, ವೈಭವಗಳಿಲ್ಲದ ಚಿತ್ರದಲ್ಲಿ ನಟಿಸಿದ್ದಷ್ಟೇ ಅಲ್ಲ, ಅದನ್ನು ತಾವೇ ನಿರ್ಮಿಸಿದರು. ಇದು ಗಮನಾರ್ಹ ಸಂಗತಿ. ನಿರ್ಮಾಪಕರು ಕಟ್ಟಿಕೊಟ್ಟ ಪಾತ್ರದೊಳಗೆ ನಾಯಕಿ ಬಂದು ನಿಲ್ಲುವ ವಾಡಿಕೆಯ ನಡುವೆ, ನಾಯಕಿಯೇ ಹಣ ಹೂಡಿ ತನಗೊಂದು ಪಾತ್ರವನ್ನು ಸಾಧ್ಯವಾಗಿಸಿಕೊಂಡ ಪ್ರಸಂಗವಿದು. ಅವಿನಾಶ್ ಗಣಪನಾಗಿ, ‘ಚೋಮನ ದುಡಿ’ಯ ಚೋಮನಾಗಿ ಪ್ರಸಿದ್ಧರಾದ ಎಂ.ವಿ. ವಾಸುದೇವ ರಾವ್ ದುಗ್ಗಜ್ಜನಾಗಿ, ಹರೀಶ್ ರಾಜ್ ಕೃಷ್ಣನಾಗಿ ಅಭಿನಯಿಸಿದರು.

2001ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ‘ದ್ವೀಪ’ ಅತ್ಯುತ್ತಮ ಕಥಾಚಿತ್ರವೆಂದು ಸ್ವರ್ಣಕಮಲ ಪಡೆಯಿತು. ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿಸಾಹೇಬ’ ಚಿತ್ರಗಳ ನಂತರ ಕಾಸರವಳ್ಳಿ ಅವರಿಗೆ ಇದು ನಾಲ್ಕನೆಯ ಸ್ವರ್ಣಕಮಲ. ರಾಮಚಂದ್ರ ಅವರಿಗೆ ಅತ್ಯುತ್ತಮ ಛಾಯಾಗ್ರಹಣದ ರಾಷ್ಟ್ರೀಯ ಗೌರವ ಸಂದಿತು. ಅತ್ಯುತ್ತಮ ನಟಿಯ ರಾಷ್ಟ್ರೀಯ ಪ್ರಶಸ್ತಿಯನ್ನು ಆ ವರ್ಷ ತಬು ಮತ್ತು ಶೋಭನಾ ಹಂಚಿಕೊಂಡರು. ಸೌಂದರ್ಯ ಅವರ ಅಭಿನಯವನ್ನು ರಾಜ್ಯ ಸರ್ಕಾರದ ಪ್ರಶಸ್ತಿ ಗುರುತಿಸಿತು.

ಎರಡು ದ್ವೀಪಗಳು

ಸಂಕಷ್ಟದಲ್ಲಿರುವ ನಾಯಕಿಯನ್ನು ಹೇಗೆ ಚಿತ್ರಿಸಬೇಕು ಎಂಬ ಪ್ರಶ್ನೆ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಜಗತ್ತಿನ ಅತಿ ಪ್ರಸಿದ್ಧ ವಿಡಿಯೊ ಗೇಮ್ ನಾಯಕಿ ಲಾರಾ ಕ್ರಾಫ್ಟ್ ಇದೇ ಪ್ರಶ್ನೆಯನ್ನು ಎದುರಿಸಿದವಳು. ಇಂಗ್ಲೆಂಡಿನ ಡರ್ಬಿ ಪಟ್ಟಣದ ಕೋರ್ ಡಿಸೈನ್ ಸಂಸ್ಥೆಯಲ್ಲಿ ಟೋಬಿ ಗಾರ್ಡ್ ರೂಪಿಸಿದ ಈಕೆ 1996ರಲ್ಲಿ ‘ಟೂಂಬ್ ರೈಡರ್’ ಆಟದ ಮೂಲಕ ಬಂದಳು. ಆಟದ ನಾಯಕ ಮೊದಲು ಪುರುಷನಾಗಿದ್ದು, ನಂತರ ಸ್ತ್ರೀಯಾಗಿ ಬದಲಾದ. ಅವಳ ಧೈರ್ಯ ಮತ್ತು ಬುದ್ಧಿಗಿಂತ ಅವಳ ಮೈಮಾಟವನ್ನೇ ಜಾಹೀರಾತುಗಳು ಮುಂದಿಟ್ಟವು. ಗಾರ್ಡ್ ಬಹುಬೇಗ ಸಂಸ್ಥೆಯಿಂದ ಹೊರಬಂದರು. 2013ರಲ್ಲಿ ಲೇಖಕಿ ರಿಯಾನಾ ಪ್ರಾಚೆಟ್ ಅವರ ಬರವಣಿಗೆಯೊಂದಿಗೆ ಲಾರಾ ಮರುಹುಟ್ಟು ಪಡೆದಳು. ಈ ಬಾರಿ ಅವಳು ಹಡಗು ಒಡೆದು ದ್ವೀಪವೊಂದರಲ್ಲಿ ಸಿಲುಕಿ, ಬದುಕಿ ಉಳಿಯುವುದನ್ನು ಕಲಿಯುವ ತರುಣಿ. ಆಟ ಬಿಡುಗಡೆಯಾಗುವ ಮೊದಲೇ, ಆಡುವವರಿಗೆ ಅವಳನ್ನು ರಕ್ಷಿಸಬೇಕೆನಿಸುತ್ತದೆ ಎಂದು ನಿರ್ಮಾಣ ತಂಡದವರೊಬ್ಬರು ಆಡಿದ ಮಾತು 2012ರಲ್ಲಿ ಟೀಕೆಗೆ ಗುರಿಯಾಯಿತು. ಸಾಹಸಿಯಾದ ಹೆಣ್ಣಿಗೂ ರಕ್ಷಕ ಬೇಕೇ ಎಂಬುದು ಟೀಕಾಕಾರರ ಪ್ರಶ್ನೆಯಾಗಿತ್ತು.

ಲಾರಾಳ ದ್ವೀಪಕ್ಕೂ ನಾಗಿಯ ದ್ವೀಪಕ್ಕೂ ಅಂತರ ಬಹಳ. ಲಾರಾಳ ಪ್ರತಿ ಸಾಹಸವನ್ನೂ ಆಟ ಲೆಕ್ಕವಿಟ್ಟುಕೊಳ್ಳುತ್ತದೆ. ಒಂದು ಅಡ್ಡಿ ದಾಟಿದರೆ ಹೊಸ ಸಾಮರ್ಥ್ಯ ದೊರೆಯುತ್ತದೆ. ಗೆಲುವು ಗೆಲುವೆಂದೇ ದಾಖಲಾಗುತ್ತದೆ. ನಾಗಿಯ ದ್ವೀಪದಲ್ಲಿ ಅಂಥ ಲೆಕ್ಕ ಬರೆಯುವವರು ಯಾರೂ ಇಲ್ಲ. ಮಳೆ ಇಳಿದು, ಮನೆ ಉಳಿದು, ಇಬ್ಬರೂ ಬದುಕಿದ್ದೇವೆಂದು ಖಚಿತವಾದಾಗ ಗಣಪ ಅದರ ಶ್ರೇಯಸ್ಸನ್ನು ದೇವರಿಗೆ ಅರ್ಪಿಸುತ್ತಾನೆ. ಹೆಂಡತಿಯ ಹೋರಾಟ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಪ್ರವಾಹವನ್ನು ಗೆದ್ದವಳು ಆ ಒಂದು ಮಾತಿನ ಮುಂದೆ ಸೋಲುತ್ತಾಳೆ.

ಲೆಕ್ಕಕ್ಕೆ ಸಿಗದ ದುಡಿಮೆ

ಈ ಅಂತ್ಯವೇ ಚಿತ್ರದ ಸ್ವೀಕಾರವನ್ನು ಎರಡು ದಾರಿಗೆ ಹಚ್ಚಿತು. ‘ದ್ವೀಪ’ವನ್ನು ಅಣೆಕಟ್ಟು ಮತ್ತು ಸ್ಥಳಾಂತರದ ಚಿತ್ರವೆಂದು ನೋಡಿದವರಿಗೆ, ವ್ಯವಸ್ಥೆಯ ವಿರುದ್ಧ ಆರಂಭವಾದ ಕಥೆ ಗಂಡ-ಹೆಂಡಿರ ಕಥೆಯಾಗಿ ಮುಗಿಯಿತೆಂದು ಅನಿಸಬಹುದು. ಸ್ತ್ರೀಯ ಚಿತ್ರವೆಂದು ನೋಡಿದವರಿಗೆ ಮುಳುಗಡೆ ಕೇವಲ ಹಿನ್ನೆಲೆಯಾಗಿ ಕಾಣಬಹುದು. ಆದರೆ ಇವೆರಡೂ ಒಂದೇ ಅನ್ಯಾಯದ ಎರಡು ಮುಖಗಳೆಂಬುದನ್ನು ಮಲೆನಾಡಿನ ವಾಸ್ತವ ತೋರಿಸಿಕೊಡುತ್ತದೆ.

ಸರ್ಕಾರದ ಲೆಕ್ಕದಲ್ಲಿ ಪರಿಹಾರವೆಂದರೆ ಖಾತೆದಾರನ ಹೆಸರಿನಲ್ಲಿರುವ ಜಮೀನಿಗೆ, ಮನೆಗೆ, ಮರಗಳಿಗೆ ಕಟ್ಟುವ ಬೆಲೆ. ಖಾತೆ ಸಾಮಾನ್ಯವಾಗಿ ಗಂಡಸಿನದು. ದರಕು ಗುಡಿಸಿದ, ಸೊಪ್ಪು ಹೊತ್ತ, ಕೊಟ್ಟಿಗೆ ಬಳಿದ, ಅಡಕೆ ಸುಲಿದ ದುಡಿಮೆಗೆ ಆ ವಹಿಯಲ್ಲಿ ಅಂಕಣವಿಲ್ಲ. ಗುಡಿಯ ಮೇಲಿನ ನಂಬಿಕೆಗೆ ಬೆಲೆ ಕಟ್ಟಲಾಗದ ಅಧಿಕಾರಿಗೂ, ಹೆಂಡತಿಯ ಶ್ರಮಕ್ಕೆ ಬೆಲೆ ಕಾಣದ ಗಣಪನಿಗೂ ಈ ವಿಷಯದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ತನಗಾದ ಅನ್ಯಾಯವನ್ನು ಬಲ್ಲವನೇ ಮನೆಯೊಳಗೆ ಅದನ್ನು ಮರುಕಳಿಸುತ್ತಾನೆ. ಶರಾವತಿ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ಮುಳುಗಡೆಯಾಗಿ ಅರ್ಧ ಶತಮಾನ ಕಳೆದ ಮೇಲೂ ಕಚೇರಿ, ನ್ಯಾಯಾಲಯಗಳ ನಡುವೆ ಅಲೆದಾಡಿದೆ. ಆ ಕಾಗದಗಳಲ್ಲಿ ಗಣಪನಂಥವರ ಹೆಸರನ್ನಾದರೂ ಹುಡುಕಬಹುದು. ನಾಗಿಯಂಥವರ ಹೆಸರು ಸಿಗುವುದು ಕಷ್ಟ.

ನೆನಪಿನ ಪಾಲು

ಸೌಂದರ್ಯ ಅವರು 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನ ಬಳಿ ಸಂಭವಿಸಿದ ವಿಮಾನ ಅಪಘಾತದಲ್ಲಿ ಸಹೋದರ ಅಮರನಾಥ್ ಅವರೊಂದಿಗೆ ನಿಧನರಾದರು. ಅವರ ಮರಣಾನಂತರ ತೆರೆಕಂಡ ‘ಆಪ್ತಮಿತ್ರ’ ಅಪಾರ ಜನಪ್ರಿಯತೆ ಗಳಿಸಿತು. ಕನ್ನಡದ ಸಾಮಾನ್ಯ ಪ್ರೇಕ್ಷಕರ ಮನಸ್ಸಿನಲ್ಲಿ ಸೌಂದರ್ಯ ಎಂದೊಡನೆ ಮೂಡುವುದು ಆ ಚಿತ್ರದ ನಾಗವಲ್ಲಿ. ಅಬ್ಬರಿಸಿ, ಕುಣಿದು, ಹೆದರಿಸಿದ ನಾಗವಲ್ಲಿಯನ್ನು ಊರಿಗೆ ಊರೇ ಬಲ್ಲದು; ಮೌನವಾಗಿ ಮನೆ ಉಳಿಸಿದ ನಾಗಿಯನ್ನು ಬಲ್ಲವರು ಹೆಚ್ಚಾಗಿ ಚಲನಚಿತ್ರೋತ್ಸವಗಳ, ಫಿಲ್ಮ್ ಸೊಸೈಟಿಗಳ ಪ್ರೇಕ್ಷಕರು. ಇದು ಒಂದು ಪಾತ್ರದ ಹಿರಿಮೆ, ಇನ್ನೊಂದರ ಕೊರತೆ ಎಂದೇನೂ ಅಲ್ಲ. ಮಾರುಕಟ್ಟೆ ಯಾವ ಬಗೆಯ ಹೆಣ್ಣನ್ನು ಬೇಗ ಗುರುತಿಸುತ್ತದೆ ಎಂಬುದರ ಸೂಚನೆ ಅಷ್ಟೇ.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಅವರ ನೇತೃತ್ವದ ನೀನಾಸಂ 1970ರ ದಶಕದಲ್ಲೇ ಹಳ್ಳಿಯ ಜನರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಲು ಆರಂಭಿಸಿತ್ತು. ಒಳ್ಳೆಯ ಚಿತ್ರಕ್ಕೆ ಹಳ್ಳಿಯಲ್ಲಿ ನೋಟಕರಿಲ್ಲ ಎಂಬ ಮಾತು ಅಲ್ಲಿ ಸುಳ್ಳಾಯಿತು. ನಾಗಿಗೂ ಅಂಥ ನೋಟಕರು ಬೇಕು. ಗಣಪ ಕಾಣದೇ ಹೋದದ್ದನ್ನು ಪ್ರೇಕ್ಷಕ ಕಂಡಿರುತ್ತಾನೆ. ಚಿತ್ರ ನಿಂತಿರುವುದು ಈ ನಂಬಿಕೆಯ ಮೇಲೆಯೇ.

ಶರಾವತಿಯ ಹಿನ್ನೀರಿನ ಮೇಲೆ ಈಗ ವಾಹನಗಳು ನಿಮಿಷಗಳಲ್ಲಿ ದಾಟಿಹೋಗುತ್ತವೆ. ಸೇತುವೆಯ ಕೆಳಗಿನ ನೀರಿನಲ್ಲಿ ಗದ್ದೆ, ತೋಟ, ಅಂಗಳ, ಬಾವಿಕಟ್ಟೆಗಳಿವೆ. ಅವುಗಳ ಒಡೆಯರು ಯಾರೆಂಬುದನ್ನು ಹಳೆಯ ಪಹಣಿಗಳು ಹೇಳಬಹುದು. ಅಲ್ಲಿ ದುಡಿದವರು ಯಾರೆಂಬುದನ್ನು ಕೇಳಿದರೆ ಉತ್ತರವಾಗಿ ನಿಲ್ಲಲು ಕನ್ನಡಕ್ಕೆ ನಾಗಿ ಇದ್ದಾಳೆ.