ಗಾಲಿಗಳ ಮೇಲಣ ವಾನಪ್ರಸ್ಥ

ಸಂಸಾರದ ಭಾರವನ್ನು ಮಕ್ಕಳಿಗೊಪ್ಪಿಸಿ ಕಾಡಿಗೆ ತೆರಳುವುದನ್ನು ನಮ್ಮ ಹಿರಿಯರು ವಾನಪ್ರಸ್ಥವೆಂದು ಕರೆದರು. ಅಮೆರಿಕದ ಕೆಲವು ನಿವೃತ್ತರಿಗೆ ಕಾಡಿನ ಬದಲು ಮರುಭೂಮಿ, ಪರ್ಣಕುಟಿಯ ಬದಲು ಒಂದು ಪುಟ್ಟ ಟ್ರಕ್ಕು. ಅರಿಜೋನಾ ರಾಜ್ಯದ ಕ್ವಾರ್ಟ್‌ಸೈಟ್ ಎಂಬ ಸಣ್ಣ ಊರಿನ ಸುತ್ತ ಚಳಿಗಾಲದಲ್ಲಿ ಸಾವಿರಾರು ವಾಹನಗಳು ಬೀಡುಬಿಡುತ್ತವೆ. ಉತ್ತರದ ಹಿಮಕ್ಕೆ ಬೆನ್ನುಮಾಡಿ ಬರುವ ಇವರಿಗೆ ಅಲ್ಲಿ ‘ಹಿಮಪಕ್ಷಿ’ಗಳೆಂದು ಹೆಸರು. ಸರ್ಕಾರದ ಭೂನಿರ್ವಹಣಾ ಇಲಾಖೆಯು 1983ರಲ್ಲಿ ದೀರ್ಘಕಾಲದ ಬಿಡಾರಗಳಿಗೆಂದೇ ಬಯಲುಗಳನ್ನು ಗೊತ್ತುಮಾಡಿತು. ಶುಲ್ಕ ತೆತ್ತು ಪರವಾನಗಿ ಪಡೆದವರು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅಲ್ಲಿ ತಂಗಬಹುದು.

ಏಳು ತಿಂಗಳ ಸಂಸಾರವು ಟ್ರಕ್ಕಿನ ಹಿಂಭಾಗದಲ್ಲಿ ಅಡಗಬೇಕು! ಆದುದರಿಂದ ಏನನ್ನು ಒಯ್ಯಬೇಕೆಂಬುದಕ್ಕಿಂತ ಎಷ್ಟು ತೂಕ ಒಯ್ಯಬಹುದೆಂಬುದೇ ಮೊದಲ ಪ್ರಶ್ನೆ. ಸಣ್ಣ ಟ್ರಕ್ಕುಗಳಲ್ಲಿ ಹಲವು ಹೊರಬಲ್ಲುದು ಸುಮಾರು 500ರಿಂದ 700 ಕಿಲೋ ಮಾತ್ರ. ಕುಳಿತವರ ತೂಕವೂ ಅದರಲ್ಲಿ ಸೇರಿತು. ಮೇಲುಹೊದಿಕೆ, ಮಂಚ, ಒಲೆ, ಪೆಟ್ಟಿಗೆಗಳೆಲ್ಲವೂ ಈ ಲೆಕ್ಕದೊಳಗೇ ಬರಬೇಕು.

ಈ ಲೆಕ್ಕದಲ್ಲಿ ಅಗ್ರಪೂಜೆ ನೀರಿಗೆ. ಕುಡಿಯಲು ಒಬ್ಬರಿಗೆ ದಿನಕ್ಕೆ 4 ಲೀಟರು, ಅಡುಗೆಗೂ ತೊಳೆಯಲಿಕ್ಕೂ ಮತ್ತೆ ಅಷ್ಟೇ ಎಂದಿಟ್ಟುಕೊಂಡರೆ, ದಂಪತಿಗಳಿಗೆ ವಾರಕ್ಕೆ 112 ಲೀಟರು. ಅಂದರೆ 112 ಕಿಲೋ. ಇಷ್ಟನ್ನೂ ಒಂದೇ ಪಾತ್ರೆಯಲ್ಲಿ ತುಂಬಿಡುವುದು ಜಾಣತನವಲ್ಲ. ಅದು ಸೋರಿದರೆ ಗತಿಯೇನು? ಹಲವು ಡಬ್ಬಿಗಳಲ್ಲಿ ತುಂಬಿ, ವಾಹನದ ತಳಕ್ಕೆ ಹೊಂದಿಸಿ ಕಟ್ಟುವುದು ಕ್ಷೇಮ.

ವಿದ್ಯುತ್ತನ್ನು ಸೂರ್ಯನೇ ಒದಗಿಸುತ್ತಾನೆ. ಚಾವಣಿಯ ಮೇಲಿನ 200 ವ್ಯಾಟಿನ ಸೌರಫಲಕವು ಐದು ಗಂಟೆಗಳ ಒಳ್ಳೆಯ ಬಿಸಿಲಿನಲ್ಲಿ, ನಷ್ಟ ಕಳೆದು, ಸುಮಾರು 800 ವ್ಯಾಟ್‌ಗಂಟೆ ನೀಡೀತು. ಪುಟ್ಟ ಶೀತಕಪಾಟಿಗೂ ದೀಪಕ್ಕೂ ಮೊಬೈಲಿಗೂ ಇಷ್ಟು ಸಾಕು. ಸೀಸದ ಬ್ಯಾಟರಿ ಅಗ್ಗವಾದರೂ ಭಾರ. ಅದನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಆಯುಸ್ಸು ಕುಂದುತ್ತದೆ. ಲಿಥಿಯಂ ಬ್ಯಾಟರಿ ದುಬಾರಿ, ಆದರೆ ಹಗುರ.

ಅಪಾಯಗಳೂ ಇಲ್ಲದಿಲ್ಲ. ಚಳಿಯ ರಾತ್ರಿ ಮುಚ್ಚಿದ ಟ್ರಕ್ಕಿನಲ್ಲಿ ಗ್ಯಾಸ್ ಒಲೆ ಉರಿಸಿ ಮಲಗಿದರೆ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ರೆಯಲ್ಲಿಯೇ ಪ್ರಾಣ ತೆಗೆಯಬಲ್ಲುದು. ಒಣಹಳ್ಳದ ಮರಳು ಮಲಗಲು ಹಿತವೆಂದು ತೋರಿದರೂ, ದೂರದ ಬೆಟ್ಟದ ಮಳೆ ಅಲ್ಲಿಗೆ ಹಠಾತ್ತನೆ ಪ್ರವಾಹವಾಗಿ ಬರುವುದುಂಟು.

ಇಲ್ಲಿಗೆ ಬಂದವರೆಲ್ಲ ವಿಹಾರಾರ್ಥಿಗಳಲ್ಲ. ಮನೆಬಾಡಿಗೆ ತೆರಲಾರದೆ ವಾಹನವನ್ನೇ ಮನೆಮಾಡಿಕೊಂಡ ವೃದ್ಧರ ಬಾಳನ್ನು ಜೆಸಿಕಾ ಬ್ರೂಡರ್ 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಎಂಬ ಗ್ರಂಥದಲ್ಲಿ ಬರೆದರು. 2020ರಲ್ಲಿ ಅದು ಚಲನಚಿತ್ರವಾಯಿತು. ಅಂಥವರಿಗೆ ಎಂಜಿನ್ ಕೆಟ್ಟಿತೆಂದರೆ ಮನೆಯೇ ಕುಸಿದಂತೆ. ಜುಲೈ ತಿಂಗಳಲ್ಲಿ ಆ ಬಯಲಿನ ಬಿಸಿಲು 40 ಡಿಗ್ರಿ ಮೀರುತ್ತದೆ. ಅಷ್ಟರೊಳಗೆ ಎಲ್ಲರೂ ಹೊರಡಲೇಬೇಕು. ಹಿಮಪಕ್ಷಿಗಳು ತಮ್ಮ ಗೂಡಿಗೆ ಮರಳುತ್ತವೆ. ಗೂಡನ್ನೇ ಬೆನ್ನಿಗೆ ಕಟ್ಟಿಕೊಂಡವರು ತಂಪಾದ ಬೆಟ್ಟಗಳನ್ನು ಅರಸುತ್ತ ಮತ್ತೆ ನೀರಿನ ಡಬ್ಬಿಗಳನ್ನು ತುಂಬಿಕೊಳ್ಳುತ್ತಾರೆ.