ಇರುಳಿನ ಪಾದಯಾತ್ರೆ: ದೇಹ ನೀಡುವ ಸೂಚನೆಗಳು

ಮಹಾಶಿವರಾತ್ರಿಯ ದಿನಗಳಲ್ಲಿ ಕೊಳ್ಳೇಗಾಲ, ಮಧುವನಹಳ್ಳಿ, ಹನೂರು, ಕೌದಳ್ಳಿಗಳ ಮಾರ್ಗವಾಗಿ ಭಕ್ತರು ಮಲೆ ಮಹದೇಶ್ವರ ಬೆಟ್ಟಕ್ಕೆ ಇರುಳೆಲ್ಲ ನಡೆಯುತ್ತಾರೆ. ಬಿಸಿಲಿಲ್ಲದ ಹೊತ್ತು ನಡಿಗೆಗೆ ಹಿತವೆನಿಸಿದರೂ ದೇಹಕ್ಕೆ ಅದು ವಿಶ್ರಾಂತಿಯ ಸಮಯವೆಂಬುದನ್ನು ನಾವು ಮರೆಯಬಾರದು.

ಬೆಳಗಿನ ಜಾವ 3ರಿಂದ 5 ಗಂಟೆಯ ವೇಳೆಗೆ ದೇಹದ ಉಷ್ಣತೆ ಇಳಿದು ತೀವ್ರವಾದ ಜೋಂಪು ಆವರಿಸುತ್ತದೆ. ಆಗ ಕೆಲವರಿಗೆ ಪೊದೆಯೂ ಕುಳಿತ ಮನುಷ್ಯನಂತೆ ಕಾಣುವುದುಂಟು. ಅದು ಗಾಳಿಚೇಷ್ಟೆಯಲ್ಲ, ನಿದ್ರೆಗೆಟ್ಟ ಮಿದುಳಿನ ಬಳಲಿಕೆ. ವಾಹನಗಳಿಂದ ದೂರ, ಜೊತೆಗಾರರ ನಡುವೆ 20 ನಿಮಿಷ ಮಲಗಿದರೆ ಮನಸ್ಸು ತಿಳಿಯಾಗುತ್ತದೆ.

ಬೆವರಿನೊಡನೆ ಉಪ್ಪೂ ನಷ್ಟವಾಗುತ್ತದೆ. ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ತಗ್ಗಿ ತಲೆನೋವು, ವಾಕರಿಕೆ ಉಂಟಾಗಬಹುದು. ಆದ್ದರಿಂದ ಬಾಯಾರಿಕೆಗೆ ತಕ್ಕಷ್ಟು ಮಾತ್ರ ನೀರು ಕುಡಿದು, ನಡುನಡುವೆ ಉಪ್ಪು ಬೆರೆಸಿದ ಮಜ್ಜಿಗೆಯನ್ನು ಸೇವಿಸುವುದು ಲೇಸು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸವಿದ್ದು ನಡೆಯಬಾರದು.

ಅಂಗಾಲಿನ ಬೊಬ್ಬೆ, ಮೀನಖಂಡದ ನೋವು ಸಾಮಾನ್ಯ. ಆದರೆ ಎದೆನೋವು, ಮಾತಿನ ತೊದಲು, ಚಹಾ ಬಣ್ಣದ ಮೂತ್ರ ಕಂಡೊಡನೆ ನಡಿಗೆ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ಹರಕೆ ಕೆಡುವುದೆಂಬ ಅಳುಕಿನಿಂದ ಇವನ್ನು ಮುಚ್ಚಿಡುವುದೇ ದೊಡ್ಡ ಅಪಾಯ. ಉಳಿದ ದಾರಿಯನ್ನು ಮುಂದಿನ ವರ್ಷವೂ ನಡೆಯಬಹುದು.